ಯಶಸ್ವಿನಿ: 60 ರೂಪಾಯಿಯ ಕಾಲದಿಂದ ಕಾರ್ಡ್ ಇಟ್ಟುಕೊಂಡವನ ಮಾತು

ಕಳೆದ ಬಟವಾಡೆ ದಿನ ಡೈರಿ ಮುಂದೆ ಪಕ್ಕದ ಮನೆ ಹುಡುಗ ಕೇಳಿದ, "ಅಣ್ಣಾ, ಯಶಸ್ವಿನಿ ಮಾಡಿಸ್ಬೇಕಾ, ಇಲ್ಲಾ ಸುಮ್ನೆ 500 ರೂಪಾಯಿ ದಂಡಾನಾ?" ನಿಂತಲ್ಲೇ ಹೇಳೋಕೆ ಹೋಗಿ ಅರ್ಧ ಗಂಟೆ ಆಯ್ತು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಯಶಸ್ವಿನಿ ಅಂದರೆ ಡೈರಿ, ಸೊಸೈಟಿಯಂಥ ಸಹಕಾರ ಸಂಘಗಳ ಸದಸ್ಯರಿಗೆ ಇರೋ ಆರೋಗ್ಯ ಯೋಜನೆ. ನಮ್ಮ ಮನೆಯಲ್ಲಿ ಇದರ ಕಾರ್ಡ್ ಮೊದಲ ವರ್ಷದಿಂದಲೂ ಇದೆ. ಮಧ್ಯೆ ಸರ್ಕಾರವೇ ನಿಲ್ಲಿಸಿದ್ದ ವರ್ಷಗಳನ್ನು ಬಿಟ್ಟು.

ಮಾಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ಏನು, ಏನಲ್ಲ ಅನ್ನೋದು ಗೊತ್ತಿರಬೇಕು.

2002ರ ನವೆಂಬರ್ 14ರಂದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಇದಕ್ಕೆ ಚಾಲನೆ ಸಿಕ್ಕಿತು. ಚಿಕಿತ್ಸೆ ಶುರುವಾಗಿದ್ದು 2003ರ ಜೂನ್ 1ರಿಂದ. ಈ ಯೋಚನೆ ಹೃದಯದ ಡಾಕ್ಟರ್ ದೇವಿ ಶೆಟ್ಟಿಯವರದ್ದು, ಜೊತೆಗೆ ಸಹಕಾರ ಇಲಾಖೆಯ ಅಧಿಕಾರಿಗಳು. ಅವರ ಲೆಕ್ಕ ತುಂಬಾ ಸರಳ. ಊರೂರಿಗೆ ಸೊಸೈಟಿ, ಡೈರಿ ಮೊದಲೇ ಇವೆ, ಸದಸ್ಯರ ಪಟ್ಟಿ ಇದೆ, ದುಡ್ಡು ಕಟ್ಟಿಸಿಕೊಳ್ಳೋ ಸೆಕ್ರೆಟರಿ ಇದ್ದಾರೆ. ಇನ್ನೊಂದು ಕಡೆ ಖಾಸಗಿ ಆಸ್ಪತ್ರೆಗಳಲ್ಲಿ ಎಷ್ಟೋ ಹಾಸಿಗೆ ಖಾಲಿ ಬಿದ್ದಿರುತ್ತವೆ. ಒಬ್ಬೊಬ್ಬರಿಂದ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಒಟ್ಟುಮಾಡಿ, ಮೇಲೆ ಸರ್ಕಾರವೂ ಒಂದಿಷ್ಟು ಹಾಕಿ, ಪ್ರತಿ ಆಪರೇಷನ್‌ಗೂ ಇಷ್ಟೇ ಅಂತ ಮೊದಲೇ ದರ ನಿಗದಿ ಮಾಡಿದರೆ ಆಸ್ಪತ್ರೆಗೂ ನಷ್ಟ ಇಲ್ಲ, ರೈತನೂ ಹೊಲ ಮಾರಬೇಕಿಲ್ಲ.

ಗಮನಿಸಬೇಕಾದ ವಿಷಯ ಅಂದ್ರೆ ಇದು ಕಂಪನಿ ಅಲ್ಲ, ಟ್ರಸ್ಟ್. ಮಧ್ಯೆ ವಿಮಾ ಕಂಪನಿಯೂ ಇಲ್ಲ, ಲಾಭ ಹಂಚಿಕೊಳ್ಳೋ ಷೇರುದಾರರೂ ಇಲ್ಲ. ಜನ ಕಟ್ಟಿದ್ದು, ಸರ್ಕಾರ ಹಾಕಿದ್ದು ಒಂದೇ ಹುಂಡಿಗೆ ಬೀಳುತ್ತದೆ, ಅದರಿಂದಲೇ ಆಸ್ಪತ್ರೆ ಬಿಲ್ ಹೋಗುತ್ತದೆ. ಅಮೆರಿಕದಲ್ಲೂ 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆ ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟ್ ಕಟ್ಟಿಸಿಕೊಂಡು ವರ್ಷಕ್ಕೆ 21 ದಿನ ಆಸ್ಪತ್ರೆವಾಸ ಕೊಡೋಕೆ ಶುರುಮಾಡಿತ್ತು, ಮುಂದೆ ಲಾಭವಿಲ್ಲದೆ ನಡೆಯೋ ಬ್ಲೂ ಕ್ರಾಸ್ ಅನ್ನೋ ಆರೋಗ್ಯ ವಿಮಾ ಯೋಜನೆಗಳು ಬೆಳೆದದ್ದು ಅದರಿಂದಲೇ. ಅಲ್ಲಿ ಮೇಷ್ಟ್ರುಗಳು, ಇಲ್ಲಿ ಹಾಲು ಹಾಕೋರು.

ನಮ್ಮ ಅಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಡೈರಿ ಸೆಕ್ರೆಟರಿ ಹೇಳಿದರು ಅಂತ ಕಟ್ಟಿದ್ದರು ಅಷ್ಟೇ. ಪೇಟೆಯಿಂದ ಟೈ ಕಟ್ಟಿಕೊಂಡು ಬಂದ ಏಜೆಂಟ್ ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ.

2008ರಲ್ಲಿ ಅಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಡಾಕ್ಟರ್ ನೋಡಿದ್ದಕ್ಕೆ ಫೀಸ್ ಇಲ್ಲ, ಸ್ಕ್ಯಾನಿಂಗ್‌ಗೆ ಮಾತ್ರ ಕಟ್ಟಿದೆವು. ಕಾಗದ ಎಲ್ಲ ಬೆಂಗಳೂರಿಗೆ ಹೋಗಿ ಒಪ್ಪಿಗೆ ಬರೋಕೆ ಎರಡು ದಿನ ಹಿಡಿಯಿತು. ಆ ಎರಡೂ ದಿನ ಅಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಆಗಾಗ ಪಟ್ಟಾಪಟ್ಟಿ ಚಡ್ಡಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಸಾಲ ತಂದ 20,000 ಇತ್ತು. ಡಿಸ್ಚಾರ್ಜ್ ದಿನ ಕೌಂಟರಿನ ಹುಡುಗಿ ರಸೀದಿಯ ಮೇಲೆ ಕೆಂಪು ಪೆನ್ನಲ್ಲಿ ಯಶಸ್ವಿನಿ ಅಂತ ಬರೆದು ಕೈಗೆ ಕೊಟ್ಟಳು. ಅಪ್ಪ ಮೂರು ಸಲ ಕೇಳಿದರು, "ಎಷ್ಟು ಕಟ್ಟಬೇಕವ್ವಾ?" ಏನೂ ಇಲ್ಲ ಅಂದಳು. ಬಸ್ ಹತ್ತೋವರೆಗೂ ಹಿಂದೆ ತಿರುಗಿ ನೋಡ್ತಾನೇ ಇದ್ದರು, ಯಾರಾದರೂ ಕರೆದು ದುಡ್ಡು ಕೇಳ್ತಾರೇನೋ ಅಂತ.

ಹಾಗಂತ ಎಲ್ಲ ಕಾಯಿಲೆಗೂ ನಡೆಯುತ್ತಿರಲಿಲ್ಲ. ಹಳೇ ಯಶಸ್ವಿನಿ ಮುಖ್ಯವಾಗಿ ಆಪರೇಷನ್‌ಗೆ. ಜ್ವರ ಬಂದು ಅಡ್ಮಿಟ್ ಆದರೆ ಇಲ್ಲ, ಡಯಾಲಿಸಿಸ್ ಇಲ್ಲ, ಕಿಮೋ ಇಲ್ಲ, ಮಂಡಿ ಚಿಪ್ಪು ಬದಲಾಯಿಸೋದು ಇಲ್ಲ. ಆದರೆ ಮುಂದೆ ಹಾವು ಕಚ್ಚಿದ್ದು, ನಾಯಿ ಕಚ್ಚಿದ್ದು, ಕರೆಂಟ್ ಹೊಡೆದದ್ದು, ಎತ್ತು ತಿವಿದದ್ದು, ಸಾಮಾನ್ಯ ಹೆರಿಗೆ ಎಲ್ಲ ಸೇರಿಸಿದರು. ಎತ್ತು ತಿವಿದರೆ ದುಡ್ಡು ಕೊಡೋ ವಿಮೆ ಬೇರೆ ಎಲ್ಲಿದೆ ಹೇಳಿ! ಈ ಪಟ್ಟಿ ಬರೆದವರು ಹಳ್ಳಿ ನೋಡಿದವರು ಅಂತ ಅಲ್ಲೇ ಗೊತ್ತಾಗುತ್ತದೆ.

ತೊಂದರೆ ಇದ್ದದ್ದು ದುಡ್ಡಿನದ್ದು. ಮೊದಲ ವರ್ಷ 16 ಲಕ್ಷ ಜನ ಸೇರಿದ್ದರು, ಎರಡನೇ ವರ್ಷ 20 ಲಕ್ಷ ದಾಟಿತು. 60 ರೂಪಾಯಿಗೆ ಗಿಟ್ಟಲಿಲ್ಲ, ಮೂರನೇ ವರ್ಷ 120 ಮಾಡಿದರು. ತಕ್ಷಣ ಸದಸ್ಯರು 15 ಲಕ್ಷದೊಳಕ್ಕೆ ಇಳಿದರು. ಬಿಟ್ಟವರು ಯಾರು ಅಂತ ನಮ್ಮೂರಲ್ಲೇ ನೋಡಿದ್ದೇನೆ: ಹೋದ ವರ್ಷ ಏನೂ ಕಾಯಿಲೆ ಬರಲಿಲ್ಲ, ಕಟ್ಟಿದ್ದು ದಂಡ ಆಯ್ತು ಅಂದವರು. ಗಟ್ಟಿಮುಟ್ಟಾಗಿರೋರು ಬಿಟ್ಟು, ಆಪರೇಷನ್ ಗ್ಯಾರಂಟಿ ಇರೋರು ಮಾತ್ರ ಉಳಿದರೆ ಯಾವ ಹುಂಡಿ ತಾನೇ ತುಂಬುತ್ತೆ? ಆಮೇಲೂ ವಂತಿಗೆ ಏರುತ್ತಾ 300ಕ್ಕೆ ಬಂತು. ಆದರೆ ಅಷ್ಟರಲ್ಲಿ ಜನರಿಗೆ ನಂಬಿಕೆ ಕೂತಿತ್ತು, ಸದಸ್ಯರ ಸಂಖ್ಯೆ 40 ಲಕ್ಷ ದಾಟಿತ್ತು.

ಅಂಥದ್ದನ್ನು 2018ರಲ್ಲಿ ನಿಲ್ಲಿಸಿ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರದ ಇನ್ನೊಂದು ಯೋಜನೆಯಲ್ಲಿ ಸೇರಿಸಿಬಿಟ್ಟರು. ಕಾಗದದ ಮೇಲೆ ಅದೇ ದೊಡ್ಡದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ವಂತಿಗೆಯೂ ಇಲ್ಲ. ಆದರೆ ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗಲ್ಲ ಅಂತ ಬರೆದುಕೊಟ್ಟರೆ ಮಾತ್ರ ಖಾಸಗಿಗೆ. ಎಪಿಎಲ್ ಕಾರ್ಡ್ ಇದ್ದರೆ ಪ್ಯಾಕೇಜ್ ದರ, ಅಂದರೆ ಆ ಚಿಕಿತ್ಸೆಗೆ ಮೊದಲೇ ನಿಗದಿ ಮಾಡಿದ ದರದಲ್ಲಿ 30% ಮಾತ್ರ ಸರ್ಕಾರದ್ದು. 3 ಎಕರೆ ಒಣಭೂಮಿ ಇಟ್ಟುಕೊಂಡು ಅದು ಹೇಗೋ ಎಪಿಎಲ್ ಆಗಿದ್ದ ನಮ್ಮ ಚಿಕ್ಕಪ್ಪ 2019ರಲ್ಲಿ ಹರ್ನಿಯಾಗೆ ಆ ಚೀಟಿಗಾಗಿ ಮೂರು ಸಲ ಅಲೆದು, ಕೊನೆಗೆ ಒಂದು ಹಸು ಮಾರಿದರು. ದುಡ್ಡಿಗಿಂತ ಜಾಸ್ತಿ ಅವರಿಗೆ ಬೇಜಾರಾಗಿದ್ದು ಇನ್ನೊಂದಕ್ಕೆ. 15 ವರ್ಷ ತಪ್ಪದೆ ಕಟ್ಟಿದ್ದೆ, ನಿಲ್ಲಿಸೋವಾಗ ಒಂದು ಮಾತೂ ಕೇಳಲಿಲ್ಲವಲ್ಲ ಅಂತ. ನನ್ನ ದೂರೂ ಅದೇ. ಸದಸ್ಯರ ದುಡ್ಡಲ್ಲಿ ನಡೆಯೋದು ಅಂತ ಹೇಳಿಕೊಂಡರೂ ಕೀಲಿ ಕೈ ಯಾವಾಗಲೂ ವಿಧಾನಸೌಧದಲ್ಲೇ ಇತ್ತು.

ಆಗ ಮುಖ್ಯಮಂತ್ರಿ ಆಗಿದ್ದ ಬೊಮ್ಮಾಯಿಯವರ 2022-23ರ ಬಜೆಟ್‌ನಲ್ಲಿ 300 ಕೋಟಿ ಇಟ್ಟು ಮತ್ತೆ ಜೀವ ಕೊಟ್ಟರು. 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಈಗ ಲೆಕ್ಕ ತಲೆಗಲ್ಲ, ಕುಟುಂಬಕ್ಕೆ. ಮತ್ತೆ ಶುರುವಾದಾಗ ಗೊತ್ತುಮಾಡಿದ ದರ ಹಳ್ಳಿಯವರಿಗೆ 4 ಜನರಿಗೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100. ಪಟ್ಟಣದ ಸಂಘಗಳವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರದ್ದು ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ, ಖಾಸಗಿಯಲ್ಲಿ ತಿಂಗಳಿಗೆ 30,000 ಸಂಬಳ ತಗೊಳ್ಳೋರಿದ್ದರೆ ಸಿಗಲ್ಲ. ಸಂಘದ ಸದಸ್ಯತ್ವ ಇರಲೇಬೇಕು, ಅದೂ ಕಾರ್ಡ್ ಮಾಡಿಸೋ ಹಿಂದಿನ ದಿನ ಆದದ್ದಲ್ಲ.

ಹೊಸ ಕಾರ್ಡನ್ನು ಒಂದೇ ಸಲ ಬಳಸಿದ್ದೇವೆ, ಅಮ್ಮನಿಗೆ. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಆಸ್ಪತ್ರೆಯವರು, ಹೆಸರು ಬೇಡ, ಹೊರಗಿಂದ ಔಷಧಿ ತನ್ನಿ ಅಂತ 6,200 ರೂಪಾಯಿಯ ಚೀಟಿ ಕೈಗಿಟ್ಟರು. ಪ್ಯಾಕೇಜ್ ಅಂದಮೇಲೆ ಔಷಧಿಯೂ ಅದರಲ್ಲೇ ಬರಬೇಕು. ನಾನು ಕೂಗಾಡಲಿಲ್ಲ. ಯಶಸ್ವಿನಿ ಕೌಂಟರಿನಲ್ಲಿ ಕೂತಿದ್ದವರ ಹತ್ತಿರ ಚೀಟಿ ಇಟ್ಟು, ಇದು ಪ್ಯಾಕೇಜಿನಲ್ಲಿ ಇಲ್ಲ ಅಂತ ಬರೆದು ಸೀಲ್ ಹಾಕಿಕೊಡಿ ಅಂದೆ. ಹತ್ತು ನಿಮಿಷದಲ್ಲಿ ಔಷಧಿ ಒಳಗಿಂದಲೇ ಬಂತು. ಅಡ್ಮಿಟ್ ಆಗೋ ಮೊದಲೇ ಎರಡು ಕೇಳಿಕೊಳ್ಳಿ: ಈ ಆಪರೇಷನ್ ಪಟ್ಟಿಯಲ್ಲಿದೆಯಾ, ಈ ಆಸ್ಪತ್ರೆ ಈಗಲೂ ಯೋಜನೆಯಲ್ಲಿದೆಯಾ. ಹೋದ ವರ್ಷ ಇತ್ತು ಅಂತ ನಂಬಿ ಹೋಗಬೇಡಿ.

ಹುಡುಗ ಎಲ್ಲ ಕೇಳಿ ಬೆರಳೆಣಿಸಿದ. ಅಜ್ಜಿ ಸೇರಿ 5 ಜನ, 600 ಆಗುತ್ತೆ. "ಬಟವಾಡೆಯಲ್ಲೇ ಹಿಡ್ಕೊಳ್ಳಿ" ಅಂತ ಸೆಕ್ರೆಟರಿಗೆ ಹೇಳಿದ. ಅವರು ಕನ್ನಡಕ ಏರಿಸಿ, ಅಜ್ಜಿದೊಂದು ಫೋಟೊ ತಗೊಂಡು ಬಾ ಅಂದರು. ಫೋಟೊಗೆ ನಿಲ್ಲಿ ಅಂದರೆ ಆ ಅಜ್ಜಿ ಹಿತ್ತಲಿಗೆ ಓಡುತ್ತೆ, ಅದು ಊರಿಗೆಲ್ಲ ಗೊತ್ತು.