ಡೆಲ್ಲಾಗಾಗಿ ಮತ್ತೆ ವಕೀಲನಾದ ಮೇಸನ್

ಹಾಸನದ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ದಿನವೂ ಕೇಸಿನ ಕಟ್ಟು ಹೊರುವ ನನಗೆ 1985ರ ಟಿವಿ ಚಿತ್ರ ‘ಪೆರಿ ಮೇಸನ್ ರಿಟರ್ನ್ಸ್’ ಬಹಳ ಹಿಡಿಸಿತು. ತನ್ನ ಹಳೆಯ ಕಾರ್ಯದರ್ಶಿ ಡೆಲ್ಲಾ ಮೇಲೆ ಕೊಲೆ ಆರೋಪ ಬಂದದ್ದೇ ತಡ, ಹಿಂದೆ ವಕೀಲನಾಗಿದ್ದ ಮೇಸನ್ ನ್ಯಾಯಾಧೀಶನ ಹುದ್ದೆಗೇ ರಾಜೀನಾಮೆ ಕೊಟ್ಟು ವಕಾಲತ್ತು ಹಾಕುತ್ತಾನೆ. ಅಲ್ಲಿ ನನ್ನ ಗಂಟಲು ಕಟ್ಟಿತು. ಕೊಂದವನು ನಮಗೆ ಮೊದಲೇ ಕಾಣುತ್ತಾನೆ. ಕೊಲ್ಲಿಸಿದವರು ಯಾರೆಂಬುದೇ ಒಗಟು.

ಮೇಸನ್ ಪಾತ್ರದ ಗಡ್ಡಧಾರಿ ರೇಮಂಡ್ ಬರ್ ಪಾಟೀಸವಾಲಿಗೆ ನಿಂತರೆ ಕಣ್ಣು ಕೀಳಲಾಗದು. ಡೆಲ್ಲಾ ಪಾತ್ರದ ಬಾರ್ಬರಾ ಹೇಲ್ ಅವರ ಸ್ವಂತ ಮಗ ವಿಲಿಯಂ ಕ್ಯಾಟ್ ಇಲ್ಲಿ ಪತ್ತೇದಾರ. ಅವನ ಓಡಾಟ ಕೊಂಚ ಉದ್ದವಾಯಿತು. ವಾಯಿದೆ ಮೇಲೆ ವಾಯಿದೆ ಕಂಡವನಿಗೆ ವಿಚಾರಣೆಯ ವೇಗ ನಂಬುವುದು ಕಷ್ಟ. ಆದರೂ ಕಿರಿಯ ವಕೀಲರು ತಪ್ಪದೆ ನೋಡಲಿ.