ಬಿಸಿಲಿಗೆ ಬೆದರದ ಕಿಂಡಿ: ಕ್ಯಾನನ್ ಜಿ12

ಏಪ್ರಿಲ್ ಮಧ್ಯಾಹ್ನ ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಮುಂದೆ ನಿಂತರೆ ಕ್ಯಾಮೆರಾದ ಪರದೆಯಲ್ಲಿ ಕಾಣುವುದು ನನ್ನದೇ ಮುಖ. ಅದಕ್ಕೇ 2010ರ ಕ್ಯಾನನ್ ಪವರ್‌ಶಾಟ್ ಜಿ12 ಅನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಪರದೆಯ ಮೇಲಿರುವ, ಕಣ್ಣಿಟ್ಟು ನೋಡುವ ಪುಟ್ಟ ಗಾಜಿನ ಕಿಂಡಿಗೆ (ವ್ಯೂಫೈಂಡರ್) ಬಿಸಿಲಿನ ಅಂಜಿಕೆಯಿಲ್ಲ. ಜೂಮ್ ಮಾಡಿದಂತೆ ಅದರ ನೋಟವೂ ಹತ್ತಿರವಾಗುತ್ತದೆ. ಪಕ್ಕದ ಚಿಕ್ಕ ಗಾಲಿ ತಿರುಗಿಸಿ ನನ್ನ ಕಣ್ಣಿಗೆ ಹೊಂದಿಸಿಕೊಂಡಿದ್ದೇನೆ. ಕನ್ನಡಕ ತೆಗೆದರೂ ಶಿಖರದ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ಕೊರತೆಗಳೂ ಇವೆ. ಕಿಂಡಿಯಲ್ಲಿ ಕಾಣುವುದು ಚಿತ್ರದ ಸುಮಾರು ಶೇ. 77 ಭಾಗ ಮಾತ್ರ. ಕಾಣದ ಅಂಚಿಗೆ ವಿದ್ಯುತ್ ತಂತಿಯೋ ಯಾರದೋ ಮೊಣಕೈಯೋ ಬಂದು ಸೇರುತ್ತದೆ. ಜೂಮ್ ಮಾಡದಿದ್ದಾಗ ಲೆನ್ಸಿನ ಕೊಳವೆಯೇ ಕೆಳಗಡೆ ಇಣುಕುತ್ತದೆ. ಬಾಗಿಲವಾಡದ ಬಳ್ಳಿ ಕೆತ್ತನೆಯನ್ನು ಗೇಣು ದೂರದಿಂದ ತೆಗೆಯುವಾಗಲಂತೂ ಕಿಂಡಿಯನ್ನು ನಂಬಲೇಬಾರದು. ಅದು ಲೆನ್ಸಿಗಿಂತ ಮೇಲಿರುವುದರಿಂದ ಕಣ್ಣಿಗೆ ಕಂಡ ಚೌಕಟ್ಟೇ ಬೇರೆ, ಚಿತ್ರಕ್ಕೆ ಬಿದ್ದದ್ದೇ ಬೇರೆ. ಅಲ್ಲಿ ಪರದೆಯೇ ಗತಿ. ಗುಡಿಯೊಳಗಿನ ನೆರಳಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಫೋಕಸ್ ಎಲ್ಲಿ ಕೂತಿತೆಂದು ಕಿಂಡಿ ತೋರಿಸುವುದಿಲ್ಲ, ಪಕ್ಕದ ಹಸಿರು ದೀಪವನ್ನಷ್ಟೇ ನೆಚ್ಚಬೇಕು.

ಆದರೂ ದೂರದ ನೋಟಕ್ಕೆ, ಜಾತ್ರೆಯ ತೇರಿಗೆ ನನಗೆ ಇದೇ ಬೇಕು. ಕ್ಯಾಮೆರಾ ಹಣೆಗೆ ಆತುಕೊಂಡಾಗ ಕೈ ನಡುಗುವುದಿಲ್ಲ. ಹಳೆಯದನ್ನು ಕೊಳ್ಳುವವರು ಕಿಂಡಿಯನ್ನು ಆಕಾಶದತ್ತ ಹಿಡಿದು ನೋಡಿ; ಒಳಗೆ ಬೂಷ್ಟು ಹಿಡಿದಿದ್ದರೆ ಬೇಡ.