ಜಾಯಿನ್ ಮಾಡಿದ ಕಾಲಂ ಆಬ್ಜೆಕ್ಟ್‌ನಲ್ಲಿ ಎಲ್ಲಿ ಕೂರಬೇಕು? ಹೈಬರ್ನೇಟ್‌ನ ದಾರಿಗಳ ಹೋಲಿಕೆ

ಆರ್ಡರ್ ಪಟ್ಟಿ ತೋರಿಸುವ ಪರದೆ ಯಾವ ಬಿಸಿನೆಸ್ ಸಾಫ್ಟ್‌ವೇರ್‌ನಲ್ಲಿ ಇಲ್ಲ ಹೇಳಿ? ಆರ್ಡರ್ ನಂಬರ್, ತಾರೀಕು, ಮೊತ್ತ, ಪಕ್ಕದಲ್ಲಿ ಗ್ರಾಹಕರ ಹೆಸರು, ಊರು. ಮೊದಲ ಮೂರು ಆರ್ಡರ್ಸ್ ಟೇಬಲ್‌ನಲ್ಲೇ ಇರುತ್ತವೆ. ಕೊನೆಯ ಎರಡು ಕಸ್ಟಮರ್ಸ್ ಟೇಬಲ್‌ನಿಂದ ಜಾಯಿನ್ ಆಗಿ, ಅಂದರೆ ಗ್ರಾಹಕರ ಐಡಿ ಹಿಡಿದು ಎರಡೂ ಟೇಬಲ್ ಜೋಡಿಸಿ, ಬರಬೇಕು. ಆರ್ಡರ್ ಆಬ್ಜೆಕ್ಟ್‌ನಲ್ಲೇ 'ಕಸ್ಟಮರ್ ನೇಮ್' ಅಂತ ಒಂದು ಪ್ರಾಪರ್ಟಿ ಇದ್ದುಬಿಟ್ಟರೆ ಗ್ರಿಡ್‌ಗೆ (ಪರದೆಯ ಪಟ್ಟಿಗೆ) ಸೀದಾ ಕೊಡಬಹುದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅದನ್ನು ತರಲು ದಾರಿಗಳು ಹಲವು. ಒಂದೇ ಪರದೆಯನ್ನು ಹೈಬರ್ನೇಟ್ 6 (ಟೇಬಲ್ ಸಾಲುಗಳನ್ನು ಜಾವಾ ಆಬ್ಜೆಕ್ಟ್ ಮಾಡಿ ಕೊಡುವ ಲೈಬ್ರರಿ) ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡು ಬೇರೆ ಬೇರೆ ರೀತಿ ಬರೆದೆ. ಎಸ್‌ಕ್ಯೂಎಲ್ ಲಾಗ್ ಪಕ್ಕದಲ್ಲೇ ತೆರೆದಿತ್ತು.

ಮೊದಲು ಎಲ್ಲರೂ ಮಾಡುವುದು ಗೆಟ್ಟರ್. ಆರ್ಡರ್‌ಗೆ ಕಸ್ಟಮರ್ ಜೊತೆ ಮೆನಿ-ಟು-ಒನ್ (ಹಲವು ಆರ್ಡರ್, ಒಬ್ಬ ಗ್ರಾಹಕ) ಸಂಬಂಧ ಹೇಗೂ ಇರುತ್ತದೆ. ಒಂದು ಟ್ರಾನ್ಸಿಯೆಂಟ್ ಗೆಟ್ಟರ್ (ಯಾವ ಕಾಲಂಗೂ ಮ್ಯಾಪ್ ಆಗದ ಮೆಥಡ್) ಬರೆದು ಒಳಗಿಂದ ಕಸ್ಟಮರ್‌ನ ಹೆಸರು ವಾಪಸ್ ಕೊಟ್ಟರೆ ಮುಗಿಯಿತು. ಒಂದು ಆರ್ಡರ್ ತೆರೆದು ನೋಡುವ ಪರದೆಗೆ ಇದಕ್ಕಿಂತ ಸರಳವಾದದ್ದು ಇಲ್ಲ. ಪಟ್ಟಿಗೆ ಬಂದಾಗ ಮಾತ್ರ ಕಥೆ ಬೇರೆ. ಸಂಬಂಧ ಲೇಜಿ ಆಗಿದ್ದರೆ, ಅಂದರೆ ಕೇಳಿದಾಗಷ್ಟೇ ಲೋಡ್ ಆಗುವಂತಿದ್ದರೆ, ಪುಟದಲ್ಲಿರುವ ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ಕ್ವೆರಿ ಹೋಗುತ್ತದೆ, ಸೆಷನ್ (ಹೈಬರ್ನೇಟ್ ಡೇಟಾಬೇಸ್ ಜೊತೆ ನಡೆಸುವ ಮಾತುಕತೆ) ಮುಚ್ಚಿದ್ದರೆ ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಷನ್ ಬರುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ (ಪುಟ ತಯಾರಾಗುವವರೆಗೂ ಸೆಷನ್ ತೆರೆದಿಡುವ ಸೆಟ್ಟಿಂಗ್) ತಾನಾಗೇ ಆನ್ ಇರುವುದರಿಂದ ಆ ಎಕ್ಸೆಪ್ಷನ್ ಕಾಣುವುದೇ ಇಲ್ಲ, ಸುಮ್ನೆ ಕ್ವೆರಿಗಳು ಜಾಸ್ತಿಯಾಗುತ್ತಾ ಹೋಗುತ್ತವೆ. ಗ್ರಾಹಕರನ್ನೂ ಆರ್ಡರ್ ಜೊತೆಗೇ ತರುವ ಜಾಯಿನ್ ಫೆಚ್ ಅಥವಾ ಎಂಟಿಟಿ ಗ್ರಾಫ್ ಹಾಕಿದರೆ ಇದು ಸರಿಹೋಗುತ್ತದೆ. ಆದರೆ ಹೆಸರು, ಊರು ಎರಡೇ ಬೇಕಾದಾಗ ಕಸ್ಟಮರ್‌ನ ಅಷ್ಟೂ ಕಾಲಂ ಹೊತ್ತು ತರಬೇಕು. ಇನ್ನೊಂದು ತೊಂದರೆ, ಈ ಗೆಟ್ಟರ್ ಹೈಬರ್ನೇಟ್‌ಗೆ ಕಾಣುವುದಿಲ್ಲ. ಗ್ರಿಡ್‌ನಲ್ಲಿ ಹೆಸರಿನ ತಲೆಪಟ್ಟಿ ಒತ್ತಿದಾಗ ಆ ಪ್ರಾಪರ್ಟಿಯ ಹೆಸರನ್ನೇ ಸಾರ್ಟ್‌ಗೆ ಕೊಟ್ಟರೆ ಕ್ವೆರಿ ಬಿದ್ದುಹೋಗುತ್ತದೆ. 'ಕಸ್ಟಮರ್ ಡಾಟ್ ನೇಮ್' ಅಂತ ದಾರಿ ಬದಲಿಸಿ ಕೊಡಬೇಕು.

ಎರಡನೆಯದು ಫಾರ್ಮುಲಾ. ಫೀಲ್ಡ್ ಮೇಲೆ ಅಟ್-ಫಾರ್ಮುಲಾ (@Formula) ಅನ್ನುವ ಗುರುತು ಹಾಕಿ, ಒಳಗೆ ಎಸ್‌ಕ್ಯೂಎಲ್ ತುಂಡು ಬರೆಯುವುದು: 'ಸೆಲೆಕ್ಟ್ ಸಿ.ನೇಮ್ ಫ್ರಮ್ ಕಸ್ಟಮರ್ಸ್ ಸಿ ವೇರ್ ಸಿ.ಐಡಿ = ಕಸ್ಟಮರ್_ಐಡಿ'. ಇದು ನಿಜವಾದ ಮ್ಯಾಪ್ ಆದ ಪ್ರಾಪರ್ಟಿ. ಸಾರ್ಟ್ ಆಗುತ್ತದೆ, ಫಿಲ್ಟರ್ ಆಗುತ್ತದೆ, ಯಾರೂ ಅದಕ್ಕೆ ಮೌಲ್ಯ ಬರೆದು ಸೇವ್ ಮಾಡಲು ಆಗುವುದಿಲ್ಲ. ನೋಡಿದ ಕೂಡಲೇ ಇಷ್ಟವಾಗುತ್ತದೆ.

ಆದರೆ ಆ ತುಂಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮುಂದೆ ಅಲಿಯಾಸ್ ('ಸಿ' ತರಹದ, ಟೇಬಲ್ ಸೂಚಿಸುವ ಚುಟುಕು ಹೆಸರು) ಇಲ್ಲದ ಕಾಲಂ ಕಂಡರೆ ಹೈಬರ್ನೇಟ್ ಅದಕ್ಕೆ ಆರ್ಡರ್ಸ್ ಟೇಬಲ್‌ನ ಅಲಿಯಾಸ್ ಅಂಟಿಸುತ್ತದೆ. ಕೊನೆಯಲ್ಲಿರುವ ಕಸ್ಟಮರ್_ಐಡಿ ಆರ್ಡರ್ಸ್‌ನದ್ದು ಆಗುವುದು ಹಾಗೆಯೇ, ಅಲ್ಲಿ ನಮಗೆ ಅದೇ ಬೇಕು. ಈಗ ಊರಿಗೆ ಇನ್ನೊಂದು ಫಾರ್ಮುಲಾ ಬರೆಯುವಾಗ 'ಸಿ.ಸಿಟಿ' ಬದಲು ಬರೀ 'ಸಿಟಿ' ಅಂತ ಬರೆದಿರಿ ಅಂತಿಟ್ಟುಕೊಳ್ಳಿ. ಆರ್ಡರ್ಸ್‌ನಲ್ಲಿ ಸಿಟಿ ಅನ್ನುವ ಕಾಲಂ ಇಲ್ಲದಿದ್ದರೆ ಎರರ್ ಬರುತ್ತದೆ, ಬಚಾವ್. ಡೆಲಿವರಿ ಊರು ಅಂತ ಅಲ್ಲೂ ಒಂದು ಸಿಟಿ ಕಾಲಂ ಇದ್ದರೆ? ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಗ್ರಾಹಕರ ಊರಿನ ಜಾಗದಲ್ಲಿ ಡೆಲಿವರಿ ಊರು ಬಂದು ಕೂರುತ್ತದೆ, ಬಹುಪಾಲು ಸಾಲುಗಳಲ್ಲಿ ಎರಡೂ ಒಂದೇ ಆಗಿರುವುದರಿಂದ ಟೆಸ್ಟ್ ಮಾಡುವವರ ಕಣ್ಣಿಗೂ ಬೀಳುವುದಿಲ್ಲ. ಫಾರ್ಮುಲಾ ಬಳಸುವವರು ಒಳಗಿನ ಟೇಬಲ್‌ನ ಪ್ರತಿ ಕಾಲಂಗೂ ಅಲಿಯಾಸ್ ಬರೆಯಲೇಬೇಕು.

ಖರ್ಚಿನ ಲೆಕ್ಕ ಹೀಗಿದೆ. ಹೆಸರು, ಊರು, ಫೋನ್ ಮೂರಕ್ಕೂ ಫಾರ್ಮುಲಾ ಹಾಕಿದರೆ ಪ್ರತಿ ಸಾಲಿಗೂ ಮೂರು ಸಬ್‌ಕ್ವೆರಿ ಓಡುತ್ತವೆ. ಮೂರೂ ಹುಡುಕುವುದು ಒಂದೇ ಗ್ರಾಹಕರ ಸಾಲನ್ನು. ಪುಟಕ್ಕೆ 50 ಸಾಲು ಇದ್ದು, ಹುಡುಕಾಟ ಪ್ರೈಮರಿ ಕೀ ಮೇಲೆ ಇರುವವರೆಗೆ ಇದು ಗೊತ್ತೇ ಆಗುವುದಿಲ್ಲ. ಅದೇ ಹೆಸರಿನ ಮೇಲೆ ಸಾರ್ಟ್ ಮಾಡಿದರೆ ಪುಟ ಕತ್ತರಿಸುವ ಮುಂಚೆಯೇ ಫಿಲ್ಟರ್ ದಾಟಿದ ಎಲ್ಲ ಸಾಲಿಗೂ ಸಬ್‌ಕ್ವೆರಿ ಓಡಬೇಕು. ಜೊತೆಗೆ, ಬರೀ ಸ್ಟೇಟಸ್ ಬದಲಿಸಲು ಆರ್ಡರ್ ಲೋಡ್ ಮಾಡಿದರೂ ಈ ಸಬ್‌ಕ್ವೆರಿಗಳು ಹಿಂದೆಯೇ ಬರುತ್ತವೆ. ಬೈಟ್‌ಕೋಡ್ ಎನ್‌ಹಾನ್ಸ್‌ಮೆಂಟ್ (ಕಂಪೈಲ್ ಆದ ಕ್ಲಾಸ್‌ಗೆ ಹೈಬರ್ನೇಟ್ ತನ್ನ ಕೋಡ್ ಸೇರಿಸುವುದು) ಇಲ್ಲದೆ ಅವನ್ನು ಲೇಜಿ ಮಾಡಲು ಆಗುವುದಿಲ್ಲ. ಹೊಸ ಆರ್ಡರ್ ಸೇವ್ ಆದ ಮೇಲೂ ಅದನ್ನು ರಿಫ್ರೆಶ್ ಮಾಡುವವರೆಗೆ ಹೆಸರು ನಲ್. ನನ್ನ ಮಟ್ಟಿಗೆ ಫಾರ್ಮುಲಾ ಒಂದೇ ಒಂದು ಕಾಲಂಗೆ ಸರಿ. ಎರಡನೆಯದು ಬೇಕಾದ ದಿನ ಬೇರೆ ದಾರಿ ಹಿಡಿಯಬೇಕು.

ಸೆಕೆಂಡರಿ ಟೇಬಲ್ ಅನ್ನುವುದನ್ನೂ ಕೆಲವರು ಇದಕ್ಕೆ ಸೂಚಿಸುತ್ತಾರೆ. ಬೇಡ. ಅದು ಒಂದೇ ಎಂಟಿಟಿ (ಟೇಬಲ್‌ಗೆ ಮ್ಯಾಪ್ ಆದ ಕ್ಲಾಸ್) ಎರಡು ಟೇಬಲ್‌ನಲ್ಲಿ ಹರಡಿಕೊಂಡು, ಕೀ ಹಂಚಿಕೊಂಡಿರುವಾಗ ಬಳಸುವಂಥದ್ದು. ಒಬ್ಬ ಗ್ರಾಹಕರಿಗೆ ನೂರು ಆರ್ಡರ್ ಇರುವ ಕಡೆ ಅದಕ್ಕೆ ಕೆಲಸವಿಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಡೇಟಾಬೇಸ್ ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ, ಹೆಸರಿಟ್ಟ ಕ್ವೆರಿ. ಪೋಸ್ಟ್‌ಗ್ರೆಸ್‌ನಲ್ಲಿ ಜಾಯಿನ್ ಇರುವ ಒಂದು ವ್ಯೂ ಬರೆದು, ಅದಕ್ಕೆ 'ಆರ್ಡರ್ ಸಾಲು' ಅಂತ ಬೇರೆಯೇ ಎಂಟಿಟಿ ಮ್ಯಾಪ್ ಮಾಡಿ, ಮೇಲೆ ಇಮ್ಯೂಟಬಲ್ (ಬದಲಿಸುವಂತಿಲ್ಲ) ಅಂತ ಹಾಕುವುದು. ಸೇವ್ ಆಗುವ ಆರ್ಡರ್ ಆಬ್ಜೆಕ್ಟ್ ಶುಚಿಯಾಗಿ ಉಳಿಯುತ್ತದೆ. ಪರದೆಗೆ ಬೇಕಾದ ಕಾಲಂಗಳೆಲ್ಲ ಇಲ್ಲಿ ಮಾಮೂಲಿ ಪ್ರಾಪರ್ಟಿಗಳು. ಸಾರ್ಟ್, ಫಿಲ್ಟರ್, ಪುಟ ಹಾಕುವುದು ಯಾವುದಕ್ಕೂ ಹೆಚ್ಚಿನ ಕೋಡ್ ಬೇಡ.

ಇಲ್ಲಿ ಜಾಯಿನ್ ಬರೆಯುವ ರೀತಿಯೂ ಮುಖ್ಯ. ಕಸ್ಟಮರ್ಸ್‌ಗೆ ಲೆಫ್ಟ್ ಜಾಯಿನ್ (ಗ್ರಾಹಕರು ಸಿಗದಿದ್ದರೂ ಆರ್ಡರ್ ಉಳಿಸುವ ಜಾಯಿನ್) ಹಾಕಿ, ಒಟ್ಟು ಸಾಲು ಎಷ್ಟು ಅಂತ ಕೌಂಟ್ ಕ್ವೆರಿಯ ಎಕ್ಸ್‌ಪ್ಲೇನ್ (ಡೇಟಾಬೇಸ್ ಆ ಕ್ವೆರಿ ಓಡಿಸುವ ಪ್ಲಾನ್) ನೋಡಿ. ಪ್ಲಾನ್‌ನಲ್ಲಿ ಕಸ್ಟಮರ್ಸ್ ಟೇಬಲ್ ಇರುವುದೇ ಇಲ್ಲ! ಜಾಯಿನ್ ಆಗುವ ಕೀ ಯುನೀಕ್ ಆಗಿದ್ದು, ಆ ಕಡೆಯ ಯಾವ ಕಾಲಮ್ಮೂ ಬಳಕೆಯಾಗದಿದ್ದರೆ ಪೋಸ್ಟ್‌ಗ್ರೆಸ್ ಆ ಲೆಫ್ಟ್ ಜಾಯಿನ್ ಅನ್ನೇ ಕಿತ್ತುಹಾಕುತ್ತದೆ. 9.0 ಆವೃತ್ತಿಯಿಂದಲೂ ಹೀಗೇ ಇದೆ. ಇನ್ನರ್ ಜಾಯಿನ್ (ಎರಡೂ ಕಡೆ ಹೊಂದುವ ಸಾಲನ್ನಷ್ಟೇ ಉಳಿಸುವ ಜಾಯಿನ್) ಹಾಕಿದರೆ ಈ ಉಪಕಾರ ಇಲ್ಲ, ಫಾರಿನ್ ಕೀ ಇದ್ದರೂ ಇಲ್ಲ. ಎಲ್ಲ ಪುಟದಲ್ಲೂ ಒಟ್ಟು ಸಂಖ್ಯೆ ತೋರಿಸುವ ಗ್ರಿಡ್‌ಗೆ ಇದು ದೊಡ್ಡ ಉಳಿತಾಯ.

ವ್ಯೂ ದಾರಿಯಲ್ಲೂ ಗುಂಡಿಗಳಿವೆ. ಒಬ್ಬ ಗ್ರಾಹಕರಿಗೆ ಎರಡು ಫೋನ್ ಇದ್ದು, ಫೋನ್ ಟೇಬಲ್ ಕೂಡ ಜಾಯಿನ್ ಆದರೆ ಒಂದೇ ಆರ್ಡರ್ ಐಡಿ ಎರಡು ಸಾಲಿನಲ್ಲಿ ಬರುತ್ತದೆ. ಐಡಿ ಒಂದೇ ಆದ್ದರಿಂದ ಹೈಬರ್ನೇಟ್ ಎರಡಕ್ಕೂ ಒಂದೇ ಆಬ್ಜೆಕ್ಟ್ ಕೊಡುತ್ತದೆ. ಪರದೆಯಲ್ಲಿ ಮೊದಲ ಫೋನ್ ಎರಡು ಸಲ, ಎರಡನೆಯ ಫೋನ್ ಮಾಯ. ವ್ಯೂನಲ್ಲಿ ಒಂದು ಆರ್ಡರ್‌ಗೆ ಒಂದೇ ಸಾಲು ಅನ್ನುವುದನ್ನು ಬಿಟ್ಟುಕೊಡಬಾರದು. ಇನ್ನೊಂದು, ಅದೇ ಟ್ರಾನ್ಸಾಕ್ಷನ್‌ನಲ್ಲಿ ಆರ್ಡರ್ ಬದಲಿಸಿ ತಕ್ಷಣ ವ್ಯೂ ಓದಿದರೆ ಹಳೆಯ ಮಾಹಿತಿ ಸಿಗುತ್ತದೆ, ಏಕೆಂದರೆ ಈ ವ್ಯೂ ಯಾವ ಟೇಬಲ್‌ಗಳ ಮೇಲೆ ನಿಂತಿದೆ ಅಂತ ಹೈಬರ್ನೇಟ್‌ಗೆ ಗೊತ್ತಿಲ್ಲ, ಹಾಗಾಗಿ ಅದು ಕ್ವೆರಿಗೆ ಮುಂಚೆ ಫ್ಲಶ್ ಮಾಡುವುದಿಲ್ಲ, ಅಂದರೆ ಬದಲಾವಣೆಯನ್ನು ಡೇಟಾಬೇಸ್‌ಗೆ ಬರೆಯುವುದಿಲ್ಲ. ಅಟ್-ಸಿಂಕ್ರೊನೈಸ್‌ನಲ್ಲಿ ಟೇಬಲ್ ಹೆಸರು ಬರೆದರೆ ಸರಿಯಾಗುತ್ತದೆ. ಕಸ್ಟಮರ್ಸ್‌ನ ಕಾಲಂ ಟೈಪ್ ಬದಲಿಸಲು ಹೊರಟರೆ ಅದು ವ್ಯೂನಲ್ಲಿ ಬಳಕೆಯಲ್ಲಿದೆ ಅಂತ ಪೋಸ್ಟ್‌ಗ್ರೆಸ್ ಬಿಡುವುದಿಲ್ಲ. ವ್ಯೂ ಬೀಳಿಸಿ, ಟೈಪ್ ಬದಲಿಸಿ, ವ್ಯೂ ಮತ್ತೆ ಕಟ್ಟಿ ಅಂತ ಮೂರನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದು ಸಲೀಸು.

ಡೇಟಾಬೇಸ್ ಮುಟ್ಟುವ ಅಧಿಕಾರ ನಿಮ್ಮ ತಂಡಕ್ಕೆ ಇಲ್ಲದಿದ್ದರೆ ಡಿಟಿಒ (ಡೇಟಾ ಹೊತ್ತೊಯ್ಯಲಷ್ಟೇ ಇರುವ ಆಬ್ಜೆಕ್ಟ್) ಒಳ್ಳೆಯದು. ಒಂದು ಜಾವಾ ರೆಕಾರ್ಡ್ ಬರೆದು, ಜೆಪಿಕ್ಯೂಎಲ್‌ನಲ್ಲಿ (ಎಂಟಿಟಿಗಳ ಮೇಲೆ ಬರೆಯುವ ಕ್ವೆರಿ ಭಾಷೆ) ಬೇಕಾದ ಕಾಲಂಗಳನ್ನು ಆರಿಸಿ ಅದರೊಳಗೆ ತುಂಬುವುದು. ಬಂದ ಡೇಟಾ ಕಡಿಮೆ, ಡರ್ಟಿ ಚೆಕಿಂಗ್ (ಆಬ್ಜೆಕ್ಟ್ ಬದಲಾಗಿದೆಯೇ ಅಂತ ಹೈಬರ್ನೇಟ್ ನೋಡುವುದು) ಭಾರ ಇಲ್ಲ, ಕ್ವೆರಿ ಕಣ್ಣೆದುರೇ ಇರುತ್ತದೆ. ಎರಡು ಮೂರು ಪರದೆಗೆ ಇದನ್ನೇ ಹಾಕುತ್ತೇನೆ. ಅದೇ ಜಾಯಿನ್ ಎಂಟು ಕಡೆ ಬೇಕಾದರೆ ಎಂಟು ಕಡೆ ಬರೆಯಬೇಕು, ಸಾರ್ಟ್‌ಗೆ ಬರುವ ಹೆಸರನ್ನು ಕ್ವೆರಿಯ ದಾರಿಗೆ ಹೊಂದಿಸುವ ಕೆಲಸವೂ ನಮ್ಮ ಮೇಲೇ ಬೀಳುತ್ತದೆ. ಅಲ್ಲಿ ನನ್ನ ಮತ ಮತ್ತೆ ವ್ಯೂಗೆ.

ಇಷ್ಟೆಲ್ಲ ಹೇಳಿದ್ದು ಪಟ್ಟಿಗಳಿಗೆ. ಬಿಲ್‌ಗೆ ಇದ್ಯಾವುದೂ ಬೇಡ. ಗ್ರಾಹಕರು ಮುಂದಿನ ವರ್ಷ ವಿಳಾಸ ಬದಲಿಸಿದರೆ ಈ ವರ್ಷ ಕೊಟ್ಟ ಬಿಲ್‌ನ ವಿಳಾಸ ಬದಲಾಗಕೂಡದು. ಅಲ್ಲಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಮೂರನ್ನೂ ಬಿಲ್ ಮಾಡಿದ ಕ್ಷಣದಲ್ಲೇ ಇನ್‌ವಾಯ್ಸ್ ಟೇಬಲ್‌ಗೆ ನಕಲು ಮಾಡಿಟ್ಟು, ಅದರದ್ದೇ ಸ್ವಂತ ಕಾಲಂಗಳಾಗಿ ಮ್ಯಾಪ್ ಮಾಡಬೇಕು.